ಮೊದಲು ಅಲ್-ಜಿಬ್ ಎಂಬ ಊರನ್ನು ನೋಡಿ

ಮಿತ್ರರೆ,

ಯಹೂದಿಯರು, ಪ್ಯಾಲೆಸ್ತೀನಿಯರು ಒಂದೇ ನೆಲದಲ್ಲಿ ತಮ್ಮ ಬೇರು ತೋರಿಸುವ ಬಗ್ಗೆ ನೀವು ಬರೆದ ಕರಡು ಓದಿದೆ. ‘ನಿಜವಾದ ಮೂಲನಿವಾಸಿಗಳು ಯಾರು?’ ಎಂದು ಶುರುಮಾಡಿ, ಕೊನೆಗೆ ಒಬ್ಬರಿಗೆ ಪಟ್ಟ ಕಟ್ಟಿದ್ದೀರಿ. ಆ ಪ್ರಶ್ನೆಯನ್ನು ಹೊಡೆದುಹಾಕಿ. ಯಾವ ಕಾಲದಲ್ಲಿ ಅಲ್ಲಿ ಯಾರಿದ್ದರು, ಅದಕ್ಕೆ ಏನು ಸಾಕ್ಷಿ, ಆ ಸಾಕ್ಷಿ ಎಷ್ಟು ಭಾರ ಹೊರುತ್ತದೆ ಎಂದು ಕೇಳುತ್ತಾ ಹೋಗಿ.

ಊರಹೆಸರುಗಳಿಂದ ಆರಂಭಿಸಿದರೆ ಒಳ್ಳೆಯದು. ಜೆರುಸಲೇಮಿನ ವಾಯವ್ಯಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ಅಲ್-ಜಿಬ್ ಎಂಬ ಪ್ಯಾಲೆಸ್ತೀನಿ ಹಳ್ಳಿಯಿದೆ. 1838ರಲ್ಲಿ ಅಮೆರಿಕದ ಎಡ್ವರ್ಡ್ ರಾಬಿನ್ಸನ್, ಅರಬ್ಬಿ ಬಲ್ಲ ಈಲೈ ಸ್ಮಿತ್ ಜೊತೆ ಆ ಸೀಮೆಯಲ್ಲಿ ತಿರುಗಿ, ಹಳ್ಳಿಗರ ಬಾಯಲ್ಲಿದ್ದ ಹೆಸರುಗಳನ್ನು ಬರೆದುಕೊಂಡರು. ಹೀಬ್ರೂವಿನ ಗಕಾರ ಅರಬ್ಬಿಯಲ್ಲಿ ಜಕಾರವಾಗುತ್ತದೆ. ಹಾಗಾಗಿ ಈ ಜಿಬ್ ಬೈಬಲ್ಲಿನ ಗಿಬ್ಯೋನ್ ಇರಬೇಕೆಂದು ಗುರುತಿಸಿದರು. 1956ರಲ್ಲಿ ಪುರಾತತ್ವಜ್ಞ ಜೇಮ್ಸ್ ಪ್ರಿಚರ್ಡ್ ಅಲ್ಲಿ ಉತ್ಖನನ ಶುರುಮಾಡಿದ ಮೇಲೆ, ಹಳೆಯ ಹೀಬ್ರೂ ಲಿಪಿಯಲ್ಲಿ ‘ಗಿಬ್ಯೋನ್’ ಎಂದೇ ಕೊರೆದ ಹೂಜಿಯ ಹಿಡಿಗಳು ಮಣ್ಣಿನಿಂದ ಎದ್ದವು. ಅಲ್ಲಿ ಹೀಬ್ರೂ ಬರೆಯುವವರು ಬಾಳಿದ್ದರು ಎಂಬುದಕ್ಕೆ ಆ ಹಿಡಿ ಸಾಕ್ಷಿ. ಊರು ಎಂದೂ ಪೂರ್ತಿ ಮರೆತುಹೋಗದಂತೆ ಹೆಸರನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರಿದ್ದರು ಎಂಬುದಕ್ಕೆ ಅರಬ್ಬಿ ಮಾತಾಡುವ ಹಳ್ಳಿಗನ ನಾಲಿಗೆ ಸಾಕ್ಷಿ. ಬೈಬಲ್ಲಿನ ಊರುಗಳಾದ ಬೇತೇಲ್ ಬೈತೀನ್ ಆಗಿ, ಅನಾತೋತ್ ಅನಾತಾ ಆಗಿ ಉಳಿದದ್ದೂ ಹೀಗೆಯೇ. ಆದರೆ ಹೆಸರು ದಾಟಿತೆಂದು ರಕ್ತಸಂಬಂಧವೂ ದಾಟಿತೆಂದು ಬರೆಯಬೇಡಿ. ಅದಕ್ಕೆ ಬೇರೆ ಸಾಕ್ಷಿ ಬೇಕು. ನಾಬ್ಲುಸ್ ಎಂಬ ಪ್ಯಾಲೆಸ್ತೀನಿ ಪಟ್ಟಣದ ಹೆಸರು ಗ್ರೀಕಿನ ನಿಯಾಪೊಲಿಸ್‌ನಿಂದ ಬಂದದ್ದು. ಅಲ್ಲಿನವರು ಗ್ರೀಕರೆಂದು ಯಾರೂ ಹೇಳುವುದಿಲ್ಲವಲ್ಲ.

ನೀವು ಎಡವಿರುವುದೂ ಇಲ್ಲೇ. ಬೈಬಲ್ಲಿನಲ್ಲಿ ಬರುವ ಫಿಲಿಷ್ಟಿಯರೇ ಇಂದಿನ ಪ್ಯಾಲೆಸ್ತೀನಿಯರು ಎಂದಿದ್ದೀರಿ. ಈಜಿಪ್ಟಿನ ದೊರೆ ಮೂರನೇ ರಾಮ್ಸೆಸ್‌ನ ಶಾಸನಗಳಲ್ಲಿ ‘ಪೆಲೆಸೆತ್’ ಎಂದು ಬರುವ ಆ ಜನ ಕ್ರಿ.ಪೂ. 12ನೇ ಶತಮಾನದಲ್ಲಿ ಕರಾವಳಿಯಲ್ಲಿ ನೆಲೆಯೂರಿದವರು. ಅವರ ಹೆಸರು ನೆಲಕ್ಕೆ ಅಂಟಿತು, ಬಹಳ ಕಾಲದ ಮೇಲೆ ಆ ನೆಲದ ಜನಕ್ಕೆ ಬಂತು. ಈ ಹೆಸರನ್ನು ರೋಮ್ ಚಕ್ರವರ್ತಿ ಹೇಡ್ರಿಯನ್ ಹುಟ್ಟುಹಾಕಿದ ಎಂಬ ಎದುರುವಾದವೂ ತಪ್ಪು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ನ ಬರಹದಲ್ಲೇ ಅದಿದೆ. ರೋಮ್ ವಿರುದ್ಧ ಯಹೂದಿಯರು ಎದ್ದ ಬಾರ್ ಕೊಖ್ಬಾ ದಂಗೆ (ಕ್ರಿ.ಶ. 132–135) ಅಡಗಿದ ಮೇಲೆ ಜುದೇಯ ಪ್ರಾಂತಕ್ಕೆ ‘ಸಿರಿಯಾ ಪ್ಯಾಲೆಸ್ತೀನಾ’ ಎಂದು ಹೆಸರಿಟ್ಟದ್ದು ರೋಮ್.

ಇಸ್ರೇಲ್ ಎಂಬ ಹೆಸರಿಗೆ ಹಳೆಯ ಆಧಾರ ಈಜಿಪ್ಟಿನ ದೊರೆ ಮೆರ್ನೆಪ್ತಾನ ಶಾಸನ, ಕ್ರಿ.ಪೂ. ಸುಮಾರು 1208. ಅಲ್ಲಿ ಹೆಸರಿನ ಜೊತೆಗಿರುವ ಸಂಕೇತ ಒಂದು ಜನಸಮೂಹವನ್ನು ಸೂಚಿಸುತ್ತದೆ, ನಾಡನ್ನಲ್ಲ. ಈ ವ್ಯತ್ಯಾಸವನ್ನು ಬಿಡಬೇಡಿ.

ಕ್ರಿ.ಶ. 70ರಲ್ಲಿ ಜೆರುಸಲೇಮಿನ ಯಹೂದಿ ದೇವಾಲಯ ಉರಿದ ಮೇಲೆ ‘ಯಹೂದಿಯರೆಲ್ಲ ಹೊರಟುಹೋದರು’ ಎಂಬ ಸಾಲನ್ನು ತೆಗೆಯಿರಿ. ಕ್ರಿ.ಶ. ಸುಮಾರು 200ರಲ್ಲಿ ಆ ನಾಡಿನ ಉತ್ತರದ ಗಲಿಲಾಯದಲ್ಲಿ ಯಹೂದಿ ಧರ್ಮಶಾಸ್ತ್ರದ ಗ್ರಂಥ ಮಿಷ್ನಾ ಸಂಕಲನವಾಯಿತು. 16ನೇ ಶತಮಾನದಲ್ಲಿ ಗಲಿಲಾಯದ ಸಫೇದ್ ಪಟ್ಟಣ ದೊಡ್ಡ ಯಹೂದಿ ವಿದ್ಯಾಕೇಂದ್ರವಾಗಿತ್ತು. ಹಾಗೆಯೇ 7ನೇ ಶತಮಾನದಲ್ಲಿ ಅರಬರು ಬಂದು ಖಾಲಿ ನೆಲ ತುಂಬಿದರು ಎಂಬುದೂ ನಿಲ್ಲದು. ಇದ್ದ ಜನರಲ್ಲೇ ಬಹುಪಾಲು ಮಂದಿ ಶತಮಾನಗಳ ಉದ್ದಕ್ಕೂ ಮೆಲ್ಲಮೆಲ್ಲನೆ ಭಾಷೆ ಬದಲಿಸಿದರು, ಹಲವರು ಧರ್ಮವನ್ನೂ.

ಕಂಚಿನ ಯುಗದ ಅಸ್ಥಿಗಳ ಡಿಎನ್‌ಎ ಅಧ್ಯಯನಗಳು ಹಲವು ಯಹೂದಿ ಸಮುದಾಯಗಳಲ್ಲೂ ಆ ಭಾಗದ ಅರಬ್ಬಿ ಮಾತಿನ ಜನರಲ್ಲೂ ಪ್ರಾಚೀನ ಲೆವಾಂತಿನ (ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯ ಸೀಮೆ) ಜನರ ವಂಶದ ಪಾಲು ಗುರುತಿಸಿವೆ. ಇದನ್ನು ಯಾರ ಪಹಣಿಯಾಗಿಯೂ ಬಳಸಬೇಡಿ.

ಯಹೂದಿಯರು ಬಂದು ನೆಲಸುವ ಮೊದಲು ಅದು ‘ಜನರಿಲ್ಲದ ನೆಲ’ ಆಗಿತ್ತು ಎಂಬ ಮಾತನ್ನು ಉಲ್ಲೇಖಿಸಿದರೆ, ಪಕ್ಕದಲ್ಲೇ 1922ರ ಬ್ರಿಟಿಷ್ ಜನಗಣತಿ ಇಡಿ: ಒಟ್ಟು 7,57,182 ಜನ, ಮುಸ್ಲಿಮರು ಸುಮಾರು ಶೇ. 78, ಯಹೂದಿಯರು ಶೇ. 11, ಉಳಿದವರಲ್ಲಿ ಹೆಚ್ಚಿನವರು ಕ್ರೈಸ್ತರು. ಪ್ಯಾಲೆಸ್ತೀನಿ ಗುರುತು 1960ರ ದಶಕದ್ದು ಎನ್ನುವವರಿಗೆ 1911ರಲ್ಲಿ ಯಾಫಾದಲ್ಲಿ ಶುರುವಾದ ‘ಫಲಸ್ತೀನ್’ ಪತ್ರಿಕೆಯನ್ನು ತೋರಿಸಿ. ಇಸ್ರೇಲಿನ ಯಹೂದಿಯರೆಲ್ಲ ಯುರೋಪಿನವರು ಎನ್ನುವವರಿಗೆ ಇರಾಕ್, ಯೆಮೆನ್, ಮೊರಾಕ್ಕೊಗಳಿಂದ ಬಂದವರನ್ನು ನೆನಪಿಸಿ. 1948ರಲ್ಲಿ ಮನೆ ಕಳೆದುಕೊಂಡ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರ ಹಕ್ಕಿನ ಮಾತು ಬಂದಾಗ ಬೇರೆ ಅಧ್ಯಾಯ ತೆರೆಯಿರಿ. ಆ ಮನೆಗಳ ಬೀಗದಕೈಗೆ ಮೂರು ಸಾವಿರ ವರ್ಷದ ಶಾಸನದ ಆಧಾರ ಬೇಕಿಲ್ಲ.

ನಾಲ್ಕನೇ ಪುಟದಲ್ಲಿ ಹೆಬ್ರೋನ್ ಎಂದಷ್ಟೇ ಇದೆ. ಅಲ್-ಖಲೀಲ್ ಎಂಬುದನ್ನೂ ಸೇರಿಸಿ. ಇಬ್ರಾಹೀಮರನ್ನು ದೇವರ ಗೆಳೆಯ ಎನ್ನುವುದರಿಂದ ಬಂದ ಹೆಸರದು. ಅವರ ಸಮಾಧಿಯೆಂದು ಎರಡೂ ಕಡೆಯವರು ಪ್ರಾರ್ಥಿಸುವುದು ಅದೇ ಊರಿನ ಒಂದೇ ಕಟ್ಟಡದಲ್ಲಿ. ತಿದ್ದಿದ ಮೇಲೆ ಮತ್ತೆ ಕಳಿಸಿ.

ನಿಮ್ಮ ವಿಶ್ವಾಸಿ