ಗಾಳಿ ಕಡಿಮೆ ಇರಲಿ, ಮಾರಾಯ

ಕಾರವಾರ

ಪ್ರೀತಿಯ ಗೆಳೆಯಾ,

ಸರ್ಫ್ ಮ್ಯಾಟ್, ಅಂದರೆ ಎದೆಯೂರಿ ಮಲಗಿ ಕಡಲ ತೆರೆಯ ಮೇಲೆ ಜಾರುವ ಆ ಊದುವ ಹಾಸು, ಶಿರಸಿಗೆ ಬಂದು ಮುಟ್ಟಿದ್ದು ತಿಳಿದು ಬಹಳ ಸಂತೋಷವಾಯಿತು. ಅದನ್ನು ಜಗಲಿಯಲ್ಲಿ ಕಲ್ಲಿನಷ್ಟು ಗಟ್ಟಿಯಾಗಿ ಊದಿ, ಮೇಲೆ ಮಲಗಿ ನೋಡಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿಯೇ ಇವತ್ತೇ ಉತ್ತರ ಬರೆಯಲು ಕೂತೆ. ಮೊದಲು ಆ ಗಾಳಿ ಬಿಡು. ಊದಿದ ಮ್ಯಾಟನ್ನು ಅಂಗಳದ ಬಿಸಿಲಿಗಂತೂ ಇಡಲೇಬೇಡ.

ಕಾರಣ ಹೇಳುತ್ತೇನೆ. ಮೇಲಿನಿಂದ ನೋಡಿದರೆ ಉದ್ದಕ್ಕೆ ನಾಲ್ಕು ಕೊಳವೆ ಜೋಡಿಸಿದ ಹಾಗೆ ಕಾಣುತ್ತದೆಯಷ್ಟೇ? ಒಳಗೆ ಅವು ಬೇರೆ ಬೇರೆ ಚೀಲಗಳಲ್ಲ. ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಉದ್ದಕ್ಕೆ ಬಟ್ಟೆಯ ತೆಳು ಗೋಡೆಗಳಿವೆ. ಗಾಳಿ ಆ ಗೋಡೆಗಳ ತುದಿಯಿಂದ ಒಂದು ಕೊಳವೆಯಿಂದ ಇನ್ನೊಂದಕ್ಕೆ ಓಡಾಡುತ್ತದೆ. ಬಟ್ಟೆ ನೈಲಾನ್, ಒಳಮೈಗೆ ಯುರೆಥೇನ್ ಲೇಪ. ಬಿಸಿ ಒತ್ತಿ ಬೆಸೆದ ಅಂಚುಗಳು. ಗಟ್ಟಿಯಾಗಿ ಊದಿ ಬಿಸಿಲಿಗಿಟ್ಟರೆ ಒಳಗಿನ ಗಾಳಿ ಹಿಗ್ಗಿ ಆ ಗೋಡೆಯ ಬೆಸುಗೆಯನ್ನು ಎಳೆದು ಬಿಡಿಸುತ್ತದೆ. ಆಮೇಲೆ ಎರಡು ಕೊಳವೆ ಒಂದಾಗಿ ಸೋರೆಕಾಯಿಯ ಹಾಗೆ ಉಬ್ಬುತ್ತದೆ. ಹೊರಗಡೆ ತೂತಾದರೆ ಮುಚ್ಚಬಹುದು, ಒಳಗೋಡೆ ಕಿತ್ತರೆ ಹೊರಗಿನಿಂದ ಕೈ ಹಾಕಲು ದಾರಿಯೇ ಇಲ್ಲ. ಮೇಲೆ ನಿಲ್ಲುವುದು, ಕುರ್ಚಿಯ ಹಾಗೆ ಕೂರುವುದು, ಸೈಕಲ್ ಪಂಪಿನಿಂದಲೋ ಟೈರಿಗೆ ಗಾಳಿ ತುಂಬುವ ಅಂಗಡಿಯಲ್ಲೋ ತುಂಬಿಸುವುದು, ಎಲ್ಲದರಿಂದಲೂ ಇದೇ ಗತಿ. ಬಾಯಿಂದ ಊದಲಿಕ್ಕೆಂದೇ ಮಾಡಿದ ವಸ್ತು ಅದು.

ಈಗ ಹದದ ಮಾತು. ಮ್ಯಾಟ್ ಸವಾರಿಯ ಅರ್ಧ ವಿದ್ಯೆ ಈ ಹದದಲ್ಲೇ ಇದೆ. ಆಲೆಮನೆ ಕಂಡವನು ನೀನು. ಅಚ್ಚು ಬೆಲ್ಲದ ಗಟ್ಟಿ ಬೇಡ, ಜೋನಿ ಬೆಲ್ಲದ ಹದ ಬೇಕು. ಊದುವುದು ದಡಕ್ಕೆ ಬಂದ ಮೇಲೆ, ನೆರಳಿನಲ್ಲಿ. ಇಪ್ಪತ್ತು ಇಪ್ಪತ್ತೈದು ದೊಡ್ಡ ಉಸಿರಿಗೆ ತುಂಬುತ್ತದೆ. ಐದಾರು ಉಸಿರಿಗೊಮ್ಮೆ ನಿಲ್ಲಿಸು, ಇಲ್ಲವಾದರೆ ತಲೆ ಸುತ್ತುತ್ತದೆ. ಸುಕ್ಕು ಹೋಗುವ ತನಕ ತುಂಬಿದ ಮೇಲೆ ವಾಲ್ವ್ ಮುಚ್ಚಿ, ಮ್ಯಾಟನ್ನು ಎರಡು ಮೂರು ನಿಮಿಷ ಸಮುದ್ರದ ನೀರಿನಲ್ಲಿ ಅದ್ದಿ ಹಿಡಿ. ಇದನ್ನು ತಪ್ಪಿಸಬೇಡ. ಬಿಸಿ ಮರಳಿನ ಮೇಲೆ 45 ಡಿಗ್ರಿಗೆ ಕಾದ ಗಾಳಿ 28 ಡಿಗ್ರಿಯ ನೀರಿಗೆ ಇಳಿದರೆ ಗಾತ್ರದಲ್ಲಿ ನೂರಕ್ಕೆ ಐದು ಪಾಲು ಕುಗ್ಗುತ್ತದೆ. ಬಾಯಿಂದ ಹೋದ ಆವಿಯೂ ಒಳಗೆ ನೀರ ಹನಿಯಾಗುತ್ತದೆ. ದಡದಲ್ಲಿ ಸರಿ ಎನಿಸಿದ್ದು ನೀರಿನಲ್ಲಿ ಜೋತು ಬೀಳುವುದು ಇದರಿಂದಲೇ. ವಾಲ್ವ್ ಸೋರುತ್ತಿದೆ ಎಂದು ಹೊಸಬರು ಗಾಬರಿಯಾಗುತ್ತಾರೆ. ಸೋರಿದ್ದಲ್ಲ ಅದು, ತಣ್ಣಗಾದದ್ದು.

ತಣ್ಣಗಾದ ಮೇಲೆ ಎರಡೂ ಪಕ್ಕದ ಅಂಚನ್ನು ನಡುಮಧ್ಯ ಹಿಡಿದು ಎತ್ತು. ಎರಡು ತುದಿಗಳು ನೆನೆದ ಹಪ್ಪಳದ ಹಾಗೆ ಕೆಳಗೆ ಬಾಗಬೇಕು. ಚಪ್ಪಟೆ ಹಲಗೆಯಂತೆ ನಿಂತರೆ ಗಾಳಿ ಹೆಚ್ಚು. ಒಂದೊಂದೇ ಉಸಿರಿನಷ್ಟು ಬಿಡುತ್ತಾ ಬಾ. ನೀರಿನಲ್ಲಿ ಎದೆ ಊರಿ ಮಲಗಿದಾಗ ನಡುವೆ ತಗ್ಗಾಗಿ, ಎರಡು ಪಕ್ಕಗಳು ಪಕ್ಕೆಲುಬಿನ ಆಚೀಚೆ ಮೇಲೆದ್ದು ನಿನ್ನನ್ನು ತಬ್ಬಿದಂತಿರಬೇಕು. ಮುಂದಿನ ಎರಡು ಮೂಲೆಗಳನ್ನು ಹಿಡಿದು ಹಿಂಡಿದರೆ ಎದೆಯ ಕೆಳಗಿನ ಭಾಗ ಬಿಗಿಯಾಗಬೇಕು, ಬಿಟ್ಟರೆ ಸಡಿಲವಾಗಬೇಕು. ಆ ವ್ಯತ್ಯಾಸ ಕೈಗೆ ತಿಳಿಯಿತೆಂದರೆ ಹದ ಬಂತು. ಮೊದಲ ದಿನ ಯಾರಿಗಾದರೂ ಇದು ತೀರಾ ಮೆತ್ತಗಾಯಿತು, ಹೀಗೆ ಮುಂದೆ ಹೋಗುವುದುಂಟೆ ಎನಿಸುತ್ತದೆ. ಹೋಗುತ್ತದೆ. ಗಟ್ಟಿ ಮ್ಯಾಟ್ ಪ್ರತಿ ಸಣ್ಣ ತೆರೆಗೂ ಕುಪ್ಪಳಿಸುತ್ತದೆ. ಮೆತ್ತನೆಯದು ನೀರಿನ ಮೈ ಹೇಗಿದೆಯೋ ಹಾಗೆ ಬಾಗಿ ಜಾರುತ್ತದೆ.

ಈಜುಕೊಳದಲ್ಲಿ ತೇಲಿಸುವ ಪ್ಲಾಸ್ಟಿಕ್ ಹಾಸಿಗೆಗೂ ಇದಕ್ಕೂ ಇರುವ ಅಂತರ ಇದೇ. ಆ ಪ್ಲಾಸ್ಟಿಕ್ ಎಳೆದರೆ ಹಿಗ್ಗುತ್ತದೆ, ಒದ್ದೆಯಾದರೆ ಜಾರುತ್ತದೆ, ಒಳ್ಳೆಯ ಒಂದು ತೆರೆಗೆ ಬೆಸುಗೆ ಬಿಡುತ್ತದೆ. ನೈಲಾನ್ ಅಷ್ಟು ಹಿಗ್ಗುವುದಿಲ್ಲ. ಒದ್ದೆ ಮೈಗೆ ಅಂಟಿಕೊಂಡು ನಿಲ್ಲುತ್ತದೆ. ಹಾಗಾಗಿ ಬರುವ ದಿನ ಮೈಗೆ ಎಣ್ಣೆ ಹಚ್ಚಿಕೊಂಡು ಬರಬೇಡ, ಹಿಡಿತ ಹೋಗುತ್ತದೆ. ಮೈಗಂಟುವ ತುಂಬು ತೋಳಿನ ಬನಿಯನ್ ಹಾಕಿಕೊ, ಎದೆ ಉಜ್ಜಿ ಉರಿಯುವುದು ತಪ್ಪುತ್ತದೆ. ಜಿಪ್ಪು, ಗುಂಡಿ, ಉಂಗುರ, ಕಡಗ, ಗಡಿಯಾರ ಯಾವುದೂ ಬೇಡ.

ಫಿನ್ಸ್, ಅಂದರೆ ಕಾಲಿಗೆ ಹಾಕುವ ಈಜುರೆಕ್ಕೆ, ಇಲ್ಲದೆ ನೀರಿಗೆ ಇಳಿಯುವ ಮಾತೇ ಇಲ್ಲ. ಕೈಗಳು ಮ್ಯಾಟ್ ಹಿಡಿದಿರುತ್ತವೆ, ನಿನ್ನ ಎಂಜಿನ್ ಕಾಲು ಮಾತ್ರ. ಮೀನು ನೋಡಲು ಮುಳುಗುವವರು ಹಾಕುವ ಉದ್ದನೆಯ ಮೆತ್ತನೆಯ ಫಿನ್ಸ್ ಬೇಡ, ಗಿಡ್ಡ ಅಲಗಿನ ಗಟ್ಟಿ ರಬ್ಬರಿನದು ಬೇಕು. ಕಾಲು ಒದ್ದೆ ಮಾಡಿಕೊಂಡೇ ಅಳತೆ ನೋಡು. ಹಿಮ್ಮಡಿ ಬಿಗಿಯಾಗಿರಬೇಕು, ಬೆರಳು ಮರಗಟ್ಟಬಾರದು. ತೆಳು ಸಾಕ್ಸ್ ಹಾಕಿದರೆ ಚರ್ಮ ಕೀಳುವುದಿಲ್ಲ. ಸೊಂಟದ ನೀರಿಗೆ ಹೋಗಿ ಹಾಕಿಕೊ. ಅದಕ್ಕೂ ಮೊದಲೇ ಹಾಕಿದ್ದರೆ ಹಿಮ್ಮುಖವಾಗಿ ನಡೆ.

ಕಾಲಿಗೋ ಕೈಗೋ ಹಗ್ಗ ಕಟ್ಟುವ ಪದ್ಧತಿ ಇದಕ್ಕಿಲ್ಲ, ತೆರೆ ಎಳೆದಾಗ ಬಟ್ಟೆ ಹರಿಯುತ್ತದೆ. ಕೈ ಬಿಟ್ಟರೆ ಮ್ಯಾಟ್ ಹೋಯಿತು. ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡು. ಚಳಿಗಾಲದ ಬೆಳಗ್ಗೆ ನಮ್ಮ ಕಡೆ ಗಾಳಿ ಘಟ್ಟದಿಂದ ಕಡಲಿಗೆ ಬೀಸುತ್ತದೆ. ತೆರೆಯ ಮುಖ ಗಾಜಿನ ಹಾಗೆ ನುಣುಪಾಗಿ, ನೋಡಲು ಕಣ್ಣಿಗೆ ಹಬ್ಬ. ಅದೇ ಗಾಳಿ ಖಾಲಿ ಮ್ಯಾಟನ್ನು ಒಣ ಎಲೆಯ ಹಾಗೆ ಕಡಲೊಳಕ್ಕೆ ಒಯ್ಯುತ್ತದೆ. ಅದರ ಬೆನ್ನಟ್ಟಬೇಡ. ಎಷ್ಟೇ ದುಬಾರಿಯಾಗಿರಲಿ, ಬಿಟ್ಟು ದಡಕ್ಕೆ ಬಾ. ಮ್ಯಾಟ್ ಪ್ರಾಣ ಉಳಿಸುವ ಸಾಧನವಲ್ಲ. ಅದಿಲ್ಲದೆ ದಡಕ್ಕೆ ಈಜಿ ಬರಲಾಗದಷ್ಟು ದೂರಕ್ಕೆ ಅದರ ಭರವಸೆಯ ಮೇಲೆ ಹೋಗಕೂಡದು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ, ತೆರೆ ಕಲಕಿ ಹೋಗುತ್ತದೆ. ಬೆಳಗಿನ ಎರಡು ಮೂರು ತಾಸೇ ನಮ್ಮದು.

ಶಾಲ್ಮಲೆಯಲ್ಲಿ ಈಜಿ ಬೆಳೆದವನಿಗೆ ಹೊಳೆಯ ಸೆಳವು ಗೊತ್ತು, ಅದು ಒಂದೇ ದಿಕ್ಕಿಗೆ. ಕಡಲಿನ ಸೆಳೆತ ಜಾಗ ಬದಲಿಸುತ್ತದೆ. ದಡಕ್ಕೆ ಬಂದ ನೀರು ವಾಪಸ್ಸು ಹೋಗಲು ಮರಳು ದಿಬ್ಬಗಳ ನಡುವೆ ಓಣಿ ಮಾಡಿಕೊಳ್ಳುತ್ತದೆ. ಅಕ್ಕಪಕ್ಕ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಶಾಂತವಾಗಿ ಕಂಡರೆ, ನೊರೆ ಹೊರಗೆ ಹೋಗುತ್ತಿದ್ದರೆ ಅದೇ ಓಣಿ. ಹೊಸಬರು ತೆರೆ ಇಲ್ಲ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಜಗ್ಗಾಡಬೇಡ, ದಡಕ್ಕೆ ಸಮಾನಾಂತರವಾಗಿ ಕಾಲು ಬಡಿ. ತೆರೆ ಒಡೆಯುವ ಜಾಗ ಸಿಕ್ಕ ಮೇಲೆ ಒಳಗೆ ತಿರುಗು. ಗೋಕರ್ಣದ ಕುಡ್ಲೆಯಂಥ ದಡದಲ್ಲಿ ಎರಡು ಕಡೆಯ ಗುಡ್ಡದ ಬುಡಕ್ಕೆ ಅಂಟಿಕೊಂಡೇ ಸೆಳೆತ ಹರಿಯುವುದುಂಟು, ನಡುವೆ ಇರು. ಅಲ್ಲಿಯೇ ಓಂ ಬೀಚಿನ ಬಂಡೆಗಳಿಗೆ ಅಂಟಿದ ಕಲ್ವದ (ಸಿಂಪಿಯ) ಚಿಪ್ಪು ಬ್ಲೇಡಿನಷ್ಟು ಹರಿತ. ಮ್ಯಾಟಿಗೂ ಮೊಣಕಾಲಿಗೂ ಅದು ವೈರಿ. ಯಾವ ಅಳಿವೆಯಲ್ಲೂ, ಕಾಳಿಯಿರಲಿ, ಅಘನಾಶಿನಿಯಿರಲಿ, ಶರಾವತಿಯಿರಲಿ, ಇಳಿತದ ಹೊತ್ತಿಗೆ ಇಳಿಯಬೇಡ. ಹೊಳೆಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಗೆ ಓಡುತ್ತಿರುತ್ತವೆ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಯ ಗಡಿ ಇದೆ, ಅತ್ತ ಸುಳಿಯುವುದು ಬೇಡ.

ನಿನಗೆ ಮೊದಲ ಪಾಠಕ್ಕೆ ಇಲ್ಲಿಯ ಟಾಗೋರ್ ಬೀಚೇ ಸಾಕು. ಕೊಲ್ಲಿಯ ಆಸರೆಯಿಂದ ತೆರೆ ಸಣ್ಣದು. ಕೈ ಪಳಗಿದ ಮೇಲೆ ಗೋಕರ್ಣದ ಮುಖ್ಯ ದಡ. ಮೊಣಕಾಲಿನಿಂದ ಸೊಂಟದೆತ್ತರದ ತೆರೆಯೇ ಮ್ಯಾಟಿಗೆ ಹೇಳಿ ಮಾಡಿಸಿದ್ದು. ನಿಂತು ಸವಾರಿ ಮಾಡುವ ಸರ್ಫ್ ಹಲಗೆಯವರು ಇವತ್ತು ಏನೂ ಇಲ್ಲ ಎಂದು ವಾಪಸ್ಸಾಗುವ ದಿನ ನಮಗೆ ಹಬ್ಬ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲಿನ ಕಡೆ ತಲೆಯನ್ನೂ ಹಾಕಬೇಡ. ದಸರೆ ಕಳೆದ ಮೇಲೆ ಶುರು. ಏಪ್ರಿಲ್-ಮೇ ತಿಂಗಳಲ್ಲಿ ಗಾಳಿಯೇ ಇಲ್ಲದೆ ದಕ್ಷಿಣದ ದೂರದ ಸಾಗರದಿಂದ ಉದ್ದನೆಯ ತೆರೆಗಳು ಬರುತ್ತವೆ. ಒಂದು ತೆರೆಗೂ ಮುಂದಿನದಕ್ಕೂ ನಡುವೆ ಹನ್ನೆರಡು, ಹದಿನೈದು ಸೆಕೆಂಡ್. ಬಲು ಚೆಂದ, ಆದರೆ ನೀರು ಅನಿರೀಕ್ಷಿತವಾಗಿ ದಡ ಏರುವುದೂ ಆಗಲೇ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎಚ್ಚರಿಕೆ ಹೊರಡಿಸಿದ್ದರೆ ಆ ದಿನ ಬಿಡು. ಹೊತ್ತು ನೋಡುವುದಾದರೆ ನೀರು ಅರ್ಧ ಏರಿ ಇನ್ನೂ ಏರುತ್ತಿರುವಾಗ ಇಳಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ತುಂಬು ಉಬ್ಬರದಲ್ಲಿ ಕಡಿದಾದ ದಡಕ್ಕೆ ತೆರೆ ನೇರವಾಗಿ ಅಪ್ಪಳಿಸುತ್ತದೆ, ಕುತ್ತಿಗೆಗೆ ಪೆಟ್ಟು ಬೀಳುವುದು ಆಗಲೇ.

ಹೊರಗೆ ಹೋಗುವಾಗ ಮ್ಯಾಟನ್ನು ನಿನಗೂ ತೆರೆಗೂ ನಡುವೆ ಅಡ್ಡ ಹಿಡಿಯಬೇಡ, ತಂದು ಮುಖಕ್ಕೆ ಬಡಿಯುತ್ತದೆ. ಪಕ್ಕಕ್ಕೆ ಹಿಡಿದು ದಾಟು, ಇಲ್ಲವೇ ಮೇಲೆ ಮಲಗಿ, ಮೂಲೆಗಳನ್ನು ಬಿಗಿ ಹಿಡಿದು ನೊರೆಯನ್ನು ಏರು. ಆಚೆ ಹೋಗಿ ದಡದ ಕಡೆ ಮುಖ ಮಾಡು. ಗಲ್ಲ ಮುಂದಿನ ಅಂಚಿನಿಂದ ಒಂದು ಗೇಣು ಹಿಂದೆ, ಮ್ಯಾಟಿನ ಹಿಂದಿನ ಅಂಚು ಸೊಂಟದ ಆಸುಪಾಸು. ತೆರೆ ಹಿಂದೆ ಎದ್ದು ನಿಲ್ಲುತ್ತಿದೆ ಎನ್ನುವಾಗ ಏಳೆಂಟು ಸಲ ಬಲವಾಗಿ ಕಾಲು ಬಡಿ. ಫಿನ್ ನೀರಿನೊಳಗೇ ಇರಬೇಕು, ಮೇಲೆ ಚಿಮ್ಮಿದರೆ ಸದ್ದು ಮಾತ್ರ. ಮುಂದಕ್ಕೆ ಜಾಸ್ತಿ ಮಲಗಿದರೆ ಮ್ಯಾಟಿನ ಮೂಗು ನೀರಿಗೆ ಕುತ್ತಿ ಮುಗ್ಗರಿಸುತ್ತೀಯ, ಹಿಂದಕ್ಕೆ ಜಾಸ್ತಿಯಾದರೆ ತೆರೆ ನಿನ್ನನ್ನು ಬಿಟ್ಟು ಮುಂದೆ ಹೋಗುತ್ತದೆ. ಜಾರತೊಡಗಿದ ಮೇಲೆ ತೆರೆಯ ಕಡೆಯ ಮೊಣಕೈಯನ್ನು ಆ ಪಕ್ಕದ ಅಂಚಿನ ಮೇಲೆ ಊರಿ ಅತ್ತ ವಾಲು. ಇನ್ನೊಂದು ಕೈಯಲ್ಲಿ ಹೊರಗಿನ ಮುಂದಿನ ಮೂಲೆ ಹಿಡಿ. ಆ ಮೂಲೆ ಹಿಂಡಿದರೆ ಗಾಳಿ ಒಳಸರಿದು ಮ್ಯಾಟ್ ಬಿಗಿಯಾಗಿ ಓಟ ಹೆಚ್ಚುತ್ತದೆ, ಸಪ್ಪೆ ಭಾಗ ದಾಟಿಸುತ್ತದೆ. ಬಿಟ್ಟರೆ ತಳ ತೆರೆಯ ಮೈಗೆ ಬಾಗಿ ಕಚ್ಚಿಕೊಳ್ಳುತ್ತದೆ. ಗೇರೂ ಬ್ರೇಕೂ ನಿನ್ನ ಅಂಗೈಯಲ್ಲೇ. ಹಿಂದೆ ಒಂದು ಫಿನ್ ನೀರಿಗೆ ತಾಗಿಸಿದರೆ ಅದೇ ಚುಕ್ಕಾಣಿ.

ಇದರ ಸುಖ ಹೇಳಬೇಕೆಂದರೆ, ಕಣ್ಣು ನೀರಿನಿಂದ ಒಂದು ಗೇಣು ಮೇಲಿರುತ್ತದೆ. ಮೊಣಕಾಲೆತ್ತರದ ತೆರೆಯೂ ಅಲ್ಲಿಂದ ಗುಡ್ಡ. ನೀರಿನ ಒಂದೊಂದು ಗೆರೆಯೂ ಬಟ್ಟೆಯ ಕೆಳಗೆ ಗುನುಗುತ್ತಾ ಎದೆಗೂಡಿಗೆ ತಾಗುತ್ತದೆ. ನಿಲ್ಲುವುದನ್ನು ಕಲಿಯಬೇಕಿಲ್ಲ, ಹಾಗಾಗಿ ಮೊಣಕಾಲು ನೋವಿನವರೂ ಮಕ್ಕಳೂ ಒಂದೇ ತೆರೆಯಲ್ಲಿ ಬರಬಹುದು.

ಇದು ಹೊಸ ಆಟವೇನಲ್ಲ. 1930ರ ದಶಕದಲ್ಲೇ ಸಿಡ್ನಿಯ ಅರ್ನೆಸ್ಟ್ ಸ್ಮಿದರ್ಸ್ ಎಂಬ ವೈದ್ಯರು ಸರ್ಫೋಪ್ಲೇನ್ ಎಂಬ ರಬ್ಬರ್ ಮ್ಯಾಟ್ ರೂಪಿಸಿದರು, ಅಲ್ಲಿಯ ದಡಗಳಲ್ಲಿ ಅದನ್ನು ಬಾಡಿಗೆಗೆ ಕೊಡುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1941ರಲ್ಲಿ ಹುಟ್ಟಿದ ಜಾರ್ಜ್ ಗ್ರೀನೋ, 1960ರ ದಶಕದಲ್ಲಿ ಸರ್ಫ್ ಹಲಗೆಗಳ ರೂಪವನ್ನೇ ಬದಲಿಸಿದವರಲ್ಲಿ ಒಬ್ಬರು. ಮೊಣಕಾಲೂರಿ ಸವಾರಿ ಮಾಡುವುದರಲ್ಲಿ ಅವರದು ಎತ್ತಿದ ಕೈ. ಅಂಥವರೇ ಹೆಚ್ಚು ಒಲಿದದ್ದು ಈ ಮೆತ್ತನೆಯ ಮ್ಯಾಟಿಗೆ. ಇವತ್ತಿಗೂ ಇದನ್ನು ತಯಾರಿಸುವವರು ಲೋಕದಲ್ಲಿ ಬೆರಳೆಣಿಕೆಯಷ್ಟು ಜನ.

ಜೊತೆಗಾರಿಕೆಯೇ ಇದರ ಜೀವಾಳ. ಹಲಗೆಯ ಸರ್ಫಿಂಗಿನಲ್ಲಿ ಒಂದು ತೆರೆಗೆ ಒಬ್ಬರೇ ಎಂಬ ಕಟ್ಟುನಿಟ್ಟು, ಅದು ಸರಿಯೂ ಹೌದು. ಹಲಗೆ ಗಟ್ಟಿ, ಅದರ ಕೆಳಗಿನ ರೆಕ್ಕೆ ಹರಿತ. ಮ್ಯಾಟಿಗೆ ಮ್ಯಾಟ್ ತಾಗಿದರೆ ದಿಂಬಿಗೆ ದಿಂಬು ತಾಗಿದಂತೆ. ಮೂವರು ಪಕ್ಕಪಕ್ಕ ಒಂದೇ ತೆರೆಗೆ ಬಿದ್ದು, ಒಬ್ಬರ ಮೂಲೆ ಇನ್ನೊಬ್ಬರು ಹಿಡಿದುಕೊಂಡು ದಡದ ತನಕ ನಗುತ್ತಾ ಬರಬಹುದು. ಮ್ಯಾಟ್ ಒಂದೇ ಇದ್ದರೆ ತಲಾ ಮೂರು ತೆರೆ ಎಂದು ಹಂಚಿಕೊಳ್ಳಿ. 80 ಕಿಲೋದವನು ಕೆಳಗಿಳಿದು 55 ಕಿಲೋದವಳಿಗೆ ಕೊಡುವಾಗ ಒಂದೆರಡು ಉಸಿರು ಗಾಳಿ ಬಿಡಬೇಕು, ತಿರುಗಿ ಪಡೆಯುವಾಗ ಊದಬೇಕು. ಈ ಕೊಡುಕೊಳ್ಳುವಿಕೆಯಲ್ಲೇ ಎಲ್ಲರೂ ಹದ ಕಲಿಯುತ್ತಾರೆ. ಎಷ್ಟೇ ಜನರಿರಲಿ, ಒಬ್ಬರು ದಡದಲ್ಲಿ ಕೂತು ನೀರಿನ ಕಡೆಯೇ ನೋಡುತ್ತಿರಬೇಕು. ಫೋನ್ ನೋಡುವ ಕಾವಲು ಕಾವಲಲ್ಲ.

ಇನ್ನು ದಡ ನಮ್ಮೊಬ್ಬರದಲ್ಲ. ಮೀನುಗಾರರು ದಡದಿಂದ ಎಳೆಯುವ ರಂಪಣಿ ಬಲೆ ಬಿಟ್ಟಿದ್ದರೆ ಅದರ ಎರಡು ಹಗ್ಗಗಳ ನಡುವೆ ಇಳಿಯಬೇಡ, ಬಲೆ ದಡ ಸೇರುವ ತನಕ ಕಾಯಿ, ಬೇಕಿದ್ದರೆ ಹಗ್ಗಕ್ಕೆ ಕೈ ಕೊಡು. ಆ ದಿನದ ಸೆಳೆತ ಎಲ್ಲಿದೆ, ಮರಳು ಎಲ್ಲಿ ಕೂತಿದೆ ಎಂದು ಮೀನುಗಾರರನ್ನು ಕೇಳಿಯೇ ನೀರಿಗಿಳಿ. ಜೀವರಕ್ಷಕರು ಕೆಂಪು ಬಾವುಟ ನೆಟ್ಟಿದ್ದರೆ ವಾದ ಬೇಡ.

ಮನೆಗೆ ಹೋದ ಮೇಲೆ ಸಿಹಿ ನೀರಿನಲ್ಲಿ ತೊಳೆದು, ವಾಲ್ವಿನ ಮರಳು ತೆಗೆ. ಒಂದು ಕಣ ಕೂತರೂ ನಿಧಾನ ಸೋರುತ್ತದೆ. ನೆರಳಿನಲ್ಲಿ ಒಣಗಿಸಿ ಸಡಿಲವಾಗಿ ಸುತ್ತಿಡು, ಪ್ರತಿ ಸಲ ಅದೇ ಗೆರೆಗೆ ಮಡಚಿದರೆ ಲೇಪ ಬಿರಿಯುತ್ತದೆ. ಒಂದು ಕಿಲೋ ಕೂಡ ತೂಗದು, ಶಿರಸಿಯ ಮಳೆಗಾಲಕ್ಕೆ ಬೂಸ್ಟು ಹಿಡಿಯದ ಜಾಗ ನೋಡು. ತೂತಾದರೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವ ಜಾಗಕ್ಕೆ ಗುರುತು ಮಾಡು. ಗಾಳಿ ಬಿಟ್ಟು, ಪೂರ್ತಿ ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿ, ಯುರೆಥೇನ್ ಅಂಟನ್ನು ತೆಳ್ಳಗೆ ಹಚ್ಚಿ 24 ತಾಸು ಮುಟ್ಟದೆ ಬಿಡು. ಸೈಕಲ್ ಪಂಚರಿನ ಸಲ್ಯೂಷನ್ ಈ ಬಟ್ಟೆಗೆ ಸರಿಯಾಗಿ ಹಿಡಿಯುವುದಿಲ್ಲ, ಮೂಲೆಯಿಂದ ಎದ್ದು ಬರುತ್ತದೆ.

ದೇವಿಮನೆ ಘಟ್ಟ ಇಳಿದು ಬರುವ ದಿನ ಗೊತ್ತಾದ ಕೂಡಲೇ ತಿಳಿಸು. ಆ ದಿನದ ಉಬ್ಬರದ ಹೊತ್ತು ನೋಡಿ ಹೇಳುತ್ತೇನೆ, ಹಿಂದಿನ ರಾತ್ರಿಯೇ ಬಂದು ಉಳಿದುಕೊಂಡರೆ ಬೆಳಗಿನ ಗಾಳಿ ತಪ್ಪುವುದಿಲ್ಲ. ಕಾಲಿನ ಅಳತೆ ಬರೆದು ಕಳಿಸು, ಫಿನ್ಸ್ ಹೊಂದಿಸಬೇಕು. ತಂಗಿಯನ್ನೂ ಕರೆದುಕೊಂಡು ಬಾ, ಮ್ಯಾಟ್ ಸುತ್ತಿಯೇ ತಾ.

ನಿನ್ನ,
ಕಾರವಾರದ ಗೆಳೆಯ