ಗೆಳೆಯನಿಗೊಂದು ಪತ್ರ: ಬೆಟ್ಟದೂರಲ್ಲಿ ಐದು ದಿನ ಬಿಡಾರ ಹೂಡುವುದಾದರೆ

ಪ್ರೀತಿಯ ಗೆಳೆಯಾ,

ಐದು ದಿನದಲ್ಲಿ ಮೂರು ಬೆಟ್ಟದೂರು ಮುಗಿಸುವ ನಿನ್ನ ಪಟ್ಟಿ ನೋಡಿದೆ. ಅದರಲ್ಲಿ ಎರಡನ್ನು ಹೊಡೆದುಹಾಕು. ಬೆಟ್ಟದಲ್ಲಿ ನಡೆಯಬೇಕು ಅನ್ನುವುದೇ ಆಸೆಯಾದರೆ ಒಂದು ಸಣ್ಣ ಊರಲ್ಲಿ ತಳವೂರಿ, ದಿನಾ ಬೆಳಗ್ಗೆ ಹೊರಟು ಮಧ್ಯಾಹ್ನ ದಾಟುವುದರೊಳಗೆ ಅಲ್ಲಿಗೇ ಮರಳು. ಊರು ಬದಲಿಸುವ ದಿನ ಗಂಟುಮೂಟೆ ಕಟ್ಟುವುದರಲ್ಲಿ, ತಿರುವುಗಳ ರಸ್ತೆಯಲ್ಲಿ ಕಳೆದುಹೋಗುತ್ತದೆ. ಹಾಗೆ ಹಾಳಾಗುವುದು ಆಕಾಶ ತಿಳಿಯಾಗಿರುವ ಬೆಳಗಿನ ಹೊತ್ತೇ. ಒಂದೇ ಕಡೆ ಉಳಿದರೆ ಭಾರದ ಸಾಮಾನೆಲ್ಲ ಕೋಣೆಯಲ್ಲಿರುತ್ತದೆ, ಬೆನ್ನಿಗೆ ಐದಾರು ಕಿಲೋ ಸಾಕು. ಮಳೆ ಹಿಡಿದರೆ ಒಂದು ದಿನ ಸುಮ್ಮನೆ ಕಾಯಬಹುದು.

ಊರು ಆರಿಸುವಾಗ ಅಲ್ಲಿಂದ ಏನು ಕಾಣುತ್ತದೆ ಅನ್ನುವುದಕ್ಕಿಂತ ಅಲ್ಲಿಂದ ಎಷ್ಟು ಕಾಲುದಾರಿ ಹೊರಡುತ್ತವೆ ಅನ್ನುವುದನ್ನು ನೋಡು. ಕೋಣೆಯ ಬಾಗಿಲಿನಿಂದ ನಡೆದೇ ಸೇರಬಹುದಾದ ಮೂರು ದಾರಿ ಬೇಕು: ಒಂದು ಹೆಚ್ಚುಕಡಿಮೆ ಮಟ್ಟಸ, ಒಂದು ಮಧ್ಯಮ ಏರು, ಒಂದು ಇಡೀ ದಿನದ್ದು. ಪ್ರತಿ ದಾರಿಗೂ ವಾಹನ ಹಿಡಿಯಬೇಕಾದ ಊರಲ್ಲಿ ನಿನ್ನ ದಿನವನ್ನು ಕೊನೆಯ ಬಸ್ಸು ನಡೆಸುತ್ತದೆ. ಹತ್ತಿರದ ವೈದ್ಯರು ಎಷ್ಟು ದೂರ, ಕೆಳಕ್ಕೆ ಇಳಿಯುವ ರಸ್ತೆ ಒಂದೇಯೋ ಎರಡೋ ಎಂದೂ ಕೇಳಿಕೋ. ಭೂಕುಸಿತವಾದರೆ ಆ ಎರಡನೆಯ ರಸ್ತೆಯ ಬೆಲೆ ತಿಳಿಯುತ್ತದೆ. ಕೈಯಲ್ಲಿ ನಗದು ಇರಲಿ; ನೆಟ್‌ವರ್ಕ್ ಹೋದಾಗ ಫೋನಿನ ಪಾವತಿಯೂ ಹೋಗುತ್ತದೆ.

ಎತ್ತರದ ವಿಷಯ ಸ್ವಲ್ಪ ನಿಧಾನವಾಗಿ ಓದು. ಊರು 2,500 ಮೀಟರಿಗಿಂತ ಕೆಳಗಿದ್ದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಅದಕ್ಕಿಂತ ಮೇಲೆ, ಅದರಲ್ಲೂ ಬಯಲುಸೀಮೆಯಿಂದ ಒಂದೇ ದಿನದಲ್ಲಿ ಹತ್ತಿ ಬಂದರೆ, ಮೊದಲ ರಾತ್ರಿಯೇ ತಲೆನೋವು, ವಾಕರಿಕೆ, ನಿದ್ದೆಗೇಡು ಶುರುವಾಗಬಹುದು. ಗಾಳಿಯ ಒತ್ತಡ ಇಳಿದಂತೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ, ಮೈ ಅದಕ್ಕೆ ಒಗ್ಗಲು ದಿನಗಳು ಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಮಲಗುವ ಜಾಗದ ಎತ್ತರ. ಹಗಲು ಮೇಲಕ್ಕೆ ಹೋಗಿ ರಾತ್ರಿ ಕೆಳಗೆ ಮಲಗುವುದು ಒಳ್ಳೆಯದು, ಒಂದೇ ಊರಲ್ಲಿ ಬಿಡಾರ ಹೂಡಿದರೆ ಅದು ತಾನಾಗಿಯೇ ಆಗುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬೇಡ. ತಲೆನೋವಿದ್ದರೆ ಇನ್ನೂ ಮೇಲಕ್ಕೆ ಹೋಗುವ ಮಾತೇ ಬೇಡ. ನಡೆಯುವಾಗ ತೂರಾಡಿದರೆ, ಮಾತು ಗೊಂದಲವಾದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಕೂಡಲೇ ಜೊತೆಗೊಬ್ಬರೊಡನೆ ಕೆಳಕ್ಕಿಳಿದು ವೈದ್ಯರನ್ನು ಕಾಣಬೇಕು. ಗಟ್ಟಿಮುಟ್ಟಾದ ಆಳಿಗೆ ಇದು ಬರುವುದಿಲ್ಲ ಅಂದುಕೊಳ್ಳಬೇಡ. ದೇಹದ ಕಸುವಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಹೊತ್ತಿನ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ, ಕಿಲೋಮೀಟರ್ ಮಾತ್ರ ನೋಡುತ್ತಾರೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿಬರುವ ದಾರಿ 12 ಕಿಲೋಮೀಟರ್, ಏರು 900 ಮೀಟರ್ ಅನ್ನು. ದೂರಕ್ಕೆ 2 ಗಂಟೆ 24 ನಿಮಿಷ, ಏರಿಗೆ ಒಂದೂವರೆ ಗಂಟೆ, ಒಟ್ಟು ನಾಲ್ಕು ಗಂಟೆಗೆ ಆರು ನಿಮಿಷ ಕಡಿಮೆ. ಇದು ಎಲ್ಲೂ ಕೂರದೆ ನಡೆದ ಲೆಕ್ಕ. ಅಭ್ಯಾಸವಿಲ್ಲದವರು ಮೂರನೇ ಒಂದು ಪಾಲು ಸೇರಿಸಬೇಕು, ಅಂದರೆ ಐದೂಕಾಲು ಗಂಟೆ. ಬೆಳಗ್ಗೆ ಆರಕ್ಕೆ ಬಿಟ್ಟರೆ ಹನ್ನೊಂದೂಕಾಲರ ಸುಮಾರಿಗೆ ವಾಪಸ್ಸು. ಹೊರಡುವ ಮೊದಲೇ 'ಇಷ್ಟು ಹೊತ್ತಿಗೆ ಎಲ್ಲಿದ್ದರೂ ತಿರುಗುತ್ತೇನೆ' ಎಂದು ಒಂದು ಗಳಿಗೆ ಗೊತ್ತುಮಾಡಿಕೋ. ತುದಿ ಕಣ್ಣೆದುರೇ ಇದ್ದರೂ ತಿರುಗು.

ಇಷ್ಟು ಬೇಗ ಏಕೆಂದರೆ, ಬಿಸಿಲೇರಿದಂತೆ ಇಳಿಜಾರಿನ ನೆಲ ಕಾದು ಗಾಳಿ ಮೇಲೇಳುತ್ತದೆ, ತಣಿದು ಮೋಡವಾಗುತ್ತದೆ. ಗುಡುಗುಮಳೆ ಮಧ್ಯಾಹ್ನದ ಮೇಲೆ ಹೆಚ್ಚು ಬರುವುದು ಇದರಿಂದಲೇ. ಮಿಂಚು ಕಂಡು ಗುಡುಗು ಕೇಳುವುದರ ನಡುವೆ 30 ಸೆಕೆಂಡ್ ಇಲ್ಲದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದರ್ಥ. ದಿಣ್ಣೆಯ ನೆತ್ತಿಯಿಂದ ಇಳಿ, ಒಂಟಿ ಮರದ ಬುಡಕ್ಕೆ ಹೋಗಬೇಡ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯ್ದು ಹೊರಡು. ಚಳಿಗೂ ಲೆಕ್ಕವಿದೆ: ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಊರಿಗಿಂತ 1,200 ಮೀಟರ್ ಮೇಲಿನ ತುದಿಯಲ್ಲಿ ಎಂಟು ಡಿಗ್ರಿ ಕಡಿಮೆ, ಗಾಳಿಯ ಕೊರೆತ ಬೇರೆ. ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ಶಾಖ ಕದಿಯುತ್ತದೆ. ಮೈಗಂಟಿದ ಪದರ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ, ಮೇಲೆ ಬೆಚ್ಚನೆಯದೊಂದು, ಎಲ್ಲಕ್ಕೂ ಹೊರಗೆ ಗಾಳಿಮಳೆ ತಡೆಯುವ ಜಾಕೆಟ್.

ಹಳ್ಳ ದಾಟುವುದಿದ್ದರೆ ಬೆಳಗ್ಗೆಯೇ ದಾಟು. ಹಿಮ ಕರಗಿ ಹರಿಯುವ ತೊರೆ ಮಧ್ಯಾಹ್ನಕ್ಕೆ ಉಬ್ಬುತ್ತದೆ. ಮೇಲೆಲ್ಲೋ ಮಳೆಯಾಗಿದ್ದರೆ ನಿನ್ನ ತಲೆಯ ಮೇಲೆ ಬಿಸಿಲಿದ್ದರೂ ನೀರು ಕೆಂಪಾಗಿ ಬರುತ್ತದೆ. ನೀರಿಗಿಳಿಯುವ ಮುನ್ನ ಬ್ಯಾಗಿನ ಸೊಂಟಪಟ್ಟಿ ಬಿಚ್ಚು. ಜಾರಿ ಬಿದ್ದರೆ ಕಳಚಿ ಏಳಲು ಆಗಬೇಕು. ತೊರೆಯ ನೀರು ಕುಡಿಯುವುದಾದರೆ ಕಾಯಿಸಿಯೇ: ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಮೇಲೆ ಮೂರು ನಿಮಿಷ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದಲ್ಲ, ಅದಕ್ಕೆ.

ಶೂ ಹೊಸದಾಗಿ ಕೊಂಡು ನೇರ ಬೆಟ್ಟಕ್ಕೆ ಬರಬೇಡ. ಕೆಲವು ವಾರ ಮೆಟ್ಟಿ ಪಳಗಿಸು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಶೂಗೆ ಬಡಿದು ಕಪ್ಪಾಗುತ್ತದೆ. ಉಗುರು ಗಿಡ್ಡಕ್ಕೆ ಕತ್ತರಿಸಿ, ಇಳಿಜಾರು ಶುರುವಾಗುವ ಮೊದಲು ಪಾದದ ಮೇಲ್ಭಾಗದ ಲೇಸನ್ನು ಬಿಗಿ ಮಾಡಿಕೋ. ಹಿಮ್ಮಡಿಯಲ್ಲಿ ಉರಿ ಅನ್ನಿಸಿದ ಕ್ಷಣವೇ ನಿಂತು ಟೇಪ್ ಅಂಟಿಸು. ಬೊಬ್ಬೆ ಎದ್ದ ಮೇಲೆ ಮರುದಿನದ ನಡಿಗೆ ಹೋಯಿತು ಅಂತಲೇ.

ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೋ. ಫ್ಲೈಟ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಚಳಿಗೆ ಬ್ಯಾಟರಿ ಬೇಗ ಸೋಲುವುದರಿಂದ ಫೋನು ಒಳಜೇಬಿನಲ್ಲಿರಲಿ. ಹೋಗುವ ದಾರಿ, ಮರಳುವ ಹೊತ್ತು, ಎಷ್ಟು ಗಂಟೆಗೂ ಬರದಿದ್ದರೆ ಹುಡುಕಿಸಬೇಕು, ಈ ಮೂರನ್ನೂ ಚೀಟಿಯಲ್ಲಿ ಬರೆದು ಉಳಿದುಕೊಂಡ ಮನೆಯವರಿಗೆ ಕೊಡು, ಬಂದ ಕೂಡಲೇ ತಿಳಿಸು. ಹೆಡ್‌ಲ್ಯಾಂಪ್, ಸೀಟಿ ಎಂದೂ ಬಿಡಬೇಡ. ಆಪತ್ತಿನಲ್ಲಿ ನಿಮಿಷಕ್ಕೆ ಆರು ಸಲ ಊದು, ಒಂದು ನಿಮಿಷ ಬಿಡು, ಮತ್ತೆ ಊದು. ಕೇಳಿಸಿಕೊಂಡವರ ಉತ್ತರ ನಿಮಿಷಕ್ಕೆ ಮೂರು.

ದಿನಗಳನ್ನು ಹೀಗೆ ಇಟ್ಟುಕೋ: ಮೊದಲ ದಿನ ಐದಾರು ಕಿಲೋಮೀಟರ್ ಮಟ್ಟಸ ದಾರಿ, ಎರಡನೆಯ ದಿನ 400 ಮೀಟರಿನಷ್ಟು ಏರು. ದೊಡ್ಡ ನಡಿಗೆ ಮೂರನೆಯ ಅಥವಾ ನಾಲ್ಕನೆಯ ದಿನ, ಎರಡರಲ್ಲಿ ಯಾವತ್ತು ಆಕಾಶ ತಿಳಿಯಾಗಿರುತ್ತದೋ ಅಂದು. ಇನ್ನೊಂದು ದಿನ ಕಾಲಿಗೆ ಬಿಡುವು. ಐದನೆಯ ದಿನ ಕಾರಲ್ಲಿ ಇಳಿಯುವಾಗ ಹತ್ತುವಾಗ ಬಳಸಿದ ಗೇರನ್ನೇ ಹಾಕಿಕೋ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ.

ಊರು ಗೊತ್ತಾದ ಮೇಲೆ ಅದರ ಸುತ್ತಲಿನ ಕಂಟೂರ್ ನಕ್ಷೆ, ಅಂದರೆ ಏರುತಗ್ಗನ್ನು ಎತ್ತರದ ಗೆರೆಗಳಲ್ಲಿ ತೋರಿಸುವ ನಕ್ಷೆ, ಕಳಿಸು. ದೊಡ್ಡ ನಡಿಗೆಯ ಹೊತ್ತಿನ ಲೆಕ್ಕ ಇಬ್ಬರೂ ಕೂತು ಹಾಕೋಣ.

ನಿನ್ನ ಗೆಳೆಯ