ಪೊಲೀಸ್ ಆಗೋನಿಗೆ ಆಂಬುಲೆನ್ಸ್ ಯಾಕೆ ಅಂದೆಯಲ್ಲ, ತಗೋ ಉತ್ತರ

ದೋಸ್ತಾ,

"ಪಿಎಸ್‌ಐ ಆಗ್ತೀನಿ ಅಂದೋನು ಈಗ ಗ್ಲೂಕೋಸ್ ಬಾಟಲಿ ಹಿಡಿದು ನಿಂತಿದ್ದಾನಂತೆ" ಅಂತ ಧಾರವಾಡದ ಸಪ್ತಾಪುರದ ರೂಮಿನಲ್ಲಿ ಎಲ್ಲರೂ ನಕ್ಕ ಸುದ್ದಿ ಇಲ್ಲಿಗೂ ಬಂತು. ನಗಲಿ ಬಿಡು, ಪಿಎಸ್‌ಐ (ಪೊಲೀಸ್ ಸಬ್ ಇನ್ಸ್‌ಪೆಕ್ಟರ್) ಪರೀಕ್ಷೆಗೆ ಓದುತ್ತಲೇ ನಾನು ಇಎಂಟಿ, ಅಂದರೆ ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರ ಕೋರ್ಸ್ ಸೇರಿದ್ದು ನಿಜ. ನೀನೊಬ್ಬ ಮಾತ್ರ "ನಿಜವಾಗಿ ಯಾಕೋ, ತಲೆ ಕೆಟ್ಟಿದೆಯಾ?" ಅಂತ ಕೇಳಿದೆ. ಅದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಬರೆದರೆ ಆಗುವುದಿಲ್ಲ. ಇನ್ನೂ ಮೂರು-ನಾಲ್ಕು ಜನ ಇದನ್ನೇ ಕೇಳಿದ್ದಾರೆ, ಹಾಗಾಗಿ ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಮೊದಲೇ ಹೇಳಿಬಿಡುತ್ತೇನೆ. ಇಎಂಟಿ ಕೋರ್ಸ್ ಮಾಡಿದರೆ ಸೆಲೆಕ್ಷನ್‌ನಲ್ಲಿ ಒಂದು ಮಾರ್ಕ್ಸೂ ಜಾಸ್ತಿ ಸಿಗುವುದಿಲ್ಲ. ಪೇಪರ್ ಒಂದರಲ್ಲಿ ಅದೇ ಪ್ರಬಂಧ, ಅದೇ ಅನುವಾದ, 50 ಅಂಕ. ಪೇಪರ್ ಎರಡು 150. ಗ್ರೌಂಡಿನಲ್ಲಿ 1600 ಮೀಟರ್ ಓಟ, 7.26 ಕೆಜಿ ಗುಂಡು ಎಸೆತ. "ನಿನಗೆ ಸಿಪಿಆರ್ (ಹೃದಯ ನಿಂತವನ ಎದೆ ಒತ್ತುವುದು) ಬರುತ್ತಾ?" ಅಂತ ಯಾರೂ ಕೇಳುವುದಿಲ್ಲ. ಆ ಲೆಕ್ಕದಲ್ಲಿ ನೋಡಿದರೆ ರೂಮಿನವರು ನಕ್ಕಿದ್ದು ಸರಿಯೇ.

ಆದರೆ ನಮ್ಮ ಸೀನಿಯರ್‌ಗಳ ಕಥೆ ನೆನಪು ಮಾಡಿಕೋ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದರು. ಅಕ್ರಮ ಹೊರಬಂದು 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಅಷ್ಟು ದಿನ ಪ್ರಾಮಾಣಿಕವಾಗಿ ಬರೆದವರು ಏನು ಮಾಡಿದರು? ಓದಿದ್ದನ್ನೇ ಓದಿದರು, ಊರಿಂದ ದುಡ್ಡು ತರಿಸಿಕೊಂಡರು, ಹಬ್ಬಕ್ಕೆ ಊರಿಗೆ ಹೋಗುವುದನ್ನು ಬಿಟ್ಟರು. ಕಾಯುವುದು ಹೇಗೂ ತಪ್ಪಿದ್ದಲ್ಲ, ಹಾಗಾದರೆ ಕಾಯುವಾಗ ಕೈಗೆ ಒಂದು ವಿದ್ಯೆ ಬರಲಿ, ಅದೂ ಯೂನಿಫಾರ್ಮ್ ಹಾಕಿದ ಮೇಲೆ ದಿನಾ ಬೇಕಾಗುವಂಥದ್ದು ಬರಲಿ ಅಂತ ನನ್ನ ಯೋಚನೆ. ಎಲ್‌ಎಲ್‌ಬಿ ನೋಡಿದೆ, ಮೂರು ವರ್ಷ ಆಗುತ್ತದೆ. ಅಂಚೆ ಮೂಲಕ ಕ್ರಿಮಿನಾಲಜಿ ಡಿಪ್ಲೊಮಾನೂ ನೋಡಿದೆ. ಕಾನೂನನ್ನು ಮುಂದೆ ಟ್ರೈನಿಂಗ್‌ನಲ್ಲಿ ಹೇಗೂ ಅರೆದು ಕುಡಿಸುತ್ತಾರೆ. ಪ್ರಾಣ ಹೋಗುತ್ತಿರುವವನ ಪಕ್ಕ ಮಂಡಿಯೂರಿ ಕೂತು ಕೈ ನಡುಗದೆ ಕೆಲಸ ಮಾಡುವುದನ್ನು ಹಾಗೆ ಕ್ಲಾಸಿನಲ್ಲಿ ಕುಡಿಸೋಕೆ ಆಗುವುದಿಲ್ಲ.

ಇಲ್ಲಿ ಕ್ಯಾಶುವಾಲ್ಟಿ ಪೋಸ್ಟಿಂಗ್, ಅಂದರೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಇರುತ್ತದೆ. ಒಂದು ರಾತ್ರಿ ಇಬ್ಬರು ಪಿಸಿಗಳು (ಪೊಲೀಸ್ ಕಾನ್ಸ್‌ಟೇಬಲ್‌ಗಳು) ಐವತ್ತರ ಆಸುಪಾಸಿನ ಒಬ್ಬ ಮನುಷ್ಯನನ್ನು ಎಳೆದುಕೊಂಡು ಬಂದರು. ಬಸ್ ಸ್ಟ್ಯಾಂಡಿನಲ್ಲಿ ತೂರಾಡುತ್ತಿದ್ದನಂತೆ, ಅಂಗಡಿಯವನ ಜೊತೆ ಜಗಳಕ್ಕೆ ಬಿದ್ದನಂತೆ, ಹೆಸರು ಕೇಳಿದರೆ ಬೈಗುಳ. ಅವರು ಬಂದಿದ್ದು ಚಿಕಿತ್ಸೆ ಕೊಡಿಸೋಕೆ ಅಲ್ಲ, ಕುಡಿದಿದ್ದಾನೆ ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಹೋಗೋಕೆ. ಆ ಮನುಷ್ಯನ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿತ್ತು, ಮೈ ಮುಟ್ಟಿದರೆ ತಣ್ಣಗೆ. ಸಿಸ್ಟರ್ ಏನೂ ಮಾತಾಡದೆ ಬೆರಳಿಗೆ ಸೂಜಿ ಚುಚ್ಚಿ ಗ್ಲುಕೋಮೀಟರ್‌ಗೆ ಒಂದು ಹನಿ ರಕ್ತ ಹಾಕಿದರು. 34. ಎಪ್ಪತ್ತಕ್ಕಿಂತ ಕೆಳಗಿಳಿದರೇನೇ ಶುಗರ್ ಲೋ ಅಂತ ಲೆಕ್ಕ. ನರಕ್ಕೆ ಡೆಕ್ಸ್‌ಟ್ರೋಸ್ ಹೋಗಿ ಸ್ವಲ್ಪ ಹೊತ್ತಿಗೆಲ್ಲ ಆತ ಸುತ್ತ ನೋಡಿ, "ನನ್ನ ಚೀಲ ಎಲ್ರೀ?" ಅಂದ. ಚೀಲದಲ್ಲಿ ಖಾಲಿ ನೀರಿನ ಬಾಟಲಿ, ಶುಗರ್ ಮಾತ್ರೆ. ಮಾತ್ರೆ ನುಂಗಿದ್ದ, ಊಟ ಮಾಡಿರಲಿಲ್ಲ, ಅಷ್ಟೇ.

ಆ ಪಿಸಿಗಳು ಕೆಟ್ಟವರಲ್ಲ. ದಿನಾ ಕುಡುಕರನ್ನು ನೋಡಿ ನೋಡಿ ತೂರಾಡುವವರೆಲ್ಲ ಕುಡುಕರಾಗಿಯೇ ಕಾಣುತ್ತಿದ್ದರು. ಅವರು ಆಸ್ಪತ್ರೆಗೆ ಬಾರದೆ ನೇರ ಸ್ಟೇಷನ್ನಿಗೆ ಒಯ್ದು "ಬೆಳಗ್ಗೆ ಇಳಿಯುತ್ತೆ, ಮಲಗಲಿ" ಅಂದಿದ್ದರೆ ಏನಾಗುತ್ತಿತ್ತು ಹೇಳು? ಇನ್ನೊಂದು ಕೇಳು. ನಿಜವಾಗಿ ಕುಡಿದವನೂ ಎಲ್ಲೋ ಬಿದ್ದು ತಲೆಯೊಳಗೆ ರಕ್ತ ಸೋರುತ್ತಿರಬಹುದು. ಅವನು ಗೊರಕೆ ಹೊಡೆಯುತ್ತಿದ್ದರೆ ನಾವು ನಿದ್ದೆ ಅಂದುಕೊಳ್ಳುತ್ತೇವೆ. ನಾಲಿಗೆ ಹಿಂದೆ ಬಿದ್ದು ಉಸಿರಿನ ದಾರಿ ಅರ್ಧ ಮುಚ್ಚಿದಾಗಲೂ ಅದೇ ಗೊರಕೆ ಬರುತ್ತದೆ. ಅಲುಗಾಡಿಸಿದರೆ ಎಚ್ಚರ ಆಗುತ್ತಾನಾ, ಎರಡೂ ಕಣ್ಣಿನ ಪಾಪೆ ಒಂದೇ ಅಳತೆ ಇದೆಯಾ, ವಾಂತಿ ಆಗಿದೆಯಾ ಅಂತ ನೋಡೋಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷಕ್ಕಾಗಿಯೇ ನಾನು ಇಲ್ಲಿರುವುದು ಅಂದುಕೋ.

2025ರ ಜೂನ್ 4 ನಿನಗೂ ನೆನಪಿದೆ. ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲು, 11 ಜನ ಸತ್ತರು. ಯಾರ ತಪ್ಪು ಅನ್ನೋದರ ಮೇಲೆ ಎಷ್ಟು ದಿನ ಚರ್ಚೆ ಆಯಿತು, ನಾವೂ ಮಾಡಿದೆವು. ನಾನು ಮಾತ್ರ ಆವತ್ತಿನ ವಿಡಿಯೊಗಳಲ್ಲಿ, ಬಿದ್ದವರನ್ನು ಎತ್ತಿಕೊಂಡು ಓಡುತ್ತಿದ್ದ ಪೊಲೀಸರನ್ನೇ ನೋಡುತ್ತಿದ್ದೆ. ಅಂಥ ಕಡೆ ಜನ ಸಾಯುವುದು ಹೆಚ್ಚಾಗಿ ತುಳಿತದಿಂದ ಅಲ್ಲ. ಸುತ್ತ ಒತ್ತಿ ಎದೆ ಅಗಲ ಆಗೋಕೆ ಜಾಗ ಇಲ್ಲದೆ ಉಸಿರು ನಿಲ್ಲುತ್ತದೆ. ಹೃದಯ ನಿಂತ ಮೇಲೆ ಮೆದುಳಿಗೆ ಇರುವುದು ನಾಲ್ಕೈದು ನಿಮಿಷ. ಆ ಜನಜಂಗುಳಿಯೊಳಗೆ ಆಂಬುಲೆನ್ಸ್ ಅಷ್ಟರಲ್ಲಿ ಬರುತ್ತಾ? ಪಕ್ಕದಲ್ಲಿ ಇರೋದು ಪೊಲೀಸ್ ಮಾತ್ರ. ಎತ್ತಿಕೊಂಡು ಓಡಬೇಕಾ, ಅಲ್ಲೇ ಮಲಗಿಸಿ ಎದೆ ಒತ್ತಬೇಕಾ ಅಂತ ಅವನೇ ತೀರ್ಮಾನ ಮಾಡಬೇಕು. ಸಿಪಿಆರ್ ಅಂದರೆ ಸಿನಿಮಾದಲ್ಲಿ ಮಾಡುವ ಹಾಗೆ ಮೆಲ್ಲಗೆ ತಟ್ಟುವುದಲ್ಲ. ಐದು ಸೆಂಟಿಮೀಟರ್‌ಗಿಂತ ಕಡಿಮೆ ಇಲ್ಲದ ಹಾಗೆ ಎದೆ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಅನ್ನುತ್ತಾರೆ. ಗ್ರೌಂಡಿನಲ್ಲಿ 1600 ಆರಾಮಾಗಿ ಮುಗಿಸುವವನು ನಾನು. ಆ ರಬ್ಬರ್ ಬೊಂಬೆ ಮೇಲೆ ಎರಡು ನಿಮಿಷ ಮುಗಿಯುವಷ್ಟರಲ್ಲಿ ಮೊಣಕೈ ತಾನಾಗಿ ಮಡಚಿಕೊಳ್ಳೋಕೆ ಶುರುವಾಯಿತು.

ಇನ್ನು ನಿನಗೆ ಇಷ್ಟವಾಗುವ ಭಾಗ, ತನಿಖೆ. ಒಂದು ಕೈಯಲ್ಲಿ ಪ್ರಾಣ, ಇನ್ನೊಂದು ಕೈಯಲ್ಲಿ ಸಾಕ್ಷ್ಯ ಎರಡನ್ನೂ ಹಿಡಿಯಬೇಕು ಅನ್ನೋದು ನನಗೆ ಇಲ್ಲಿ ಬಂದ ಮೇಲೆ ಹೊಳೆಯಿತು. ನೇಣು ಹಾಕಿಕೊಂಡವರನ್ನು ಇಳಿಸುವಾಗ ಹಗ್ಗವನ್ನು ಗಂಟಿನ ಹತ್ತಿರ ಕತ್ತರಿಸಬಾರದು. ಗಂಟು ಹಾಗೇ ಉಳಿಯಬೇಕು, ಅದು ಕಟ್ಟಿದ್ದು ಯಾರು, ಹೇಗೆ ಅಂತ ಮುಂದೆ ಕೇಳುತ್ತಾರೆ. ಚಾಕು ಇರಿತ ಇದ್ದರೆ ಬಟ್ಟೆ ಕತ್ತರಿಸು, ಆದರೆ ಆ ತೂತಿನ ಮೂಲಕ ಕತ್ತರಿ ಓಡಿಸಬೇಡ. ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿದರೆ ಬೂಸ್ಟು ಬಂದು ಹಾಳಾಗುತ್ತದೆ, ಪೇಪರ್ ಕವರ್ ಬೇಕು. ಇವೆಲ್ಲ ನಾಲ್ಕು ಮಾತಿನ ವಿಷಯ, ಆದರೆ ಗೊತ್ತಿಲ್ಲದವನು ಒಳ್ಳೆ ಮನಸ್ಸಿನಿಂದಲೇ ಕೇಸ್ ಕೆಡಿಸಿಬಿಡುತ್ತಾನೆ.

ಸುಟ್ಟ ಗಾಯದ ಕೇಸ್ ಬೇರೆಯೇ. ಮರಣಪೂರ್ವ ಹೇಳಿಕೆ ಅಂತ ನೀನು ಬಾಯಿಪಾಠ ಮಾಡಿದ್ದೀಯಲ್ಲ, ಹಳೇ ಎವಿಡೆನ್ಸ್ ಆ್ಯಕ್ಟ್‌ನ 32ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 26. ನಾನೂ ಹಾಗೇ ಉರು ಹೊಡೆದಿದ್ದೆ. ಪುಸ್ತಕದಲ್ಲಿ ಇಲ್ಲದ್ದು ಇದು: ಜಾಸ್ತಿ ಸುಟ್ಟುಕೊಂಡವರು ಮೊದಲ ಸ್ವಲ್ಪ ಹೊತ್ತು ಸ್ಪಷ್ಟವಾಗಿ ಮಾತಾಡಬಹುದು. ನೋಡಿದವರು "ಏನಾಗಲ್ಲ, ಚೆನ್ನಾಗೇ ಮಾತಾಡ್ತಿದ್ದಾಳೆ" ಅಂತ ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಮುಖ ಸುಟ್ಟಿದ್ದರೆ, ಮೂಗಿನ ಕೂದಲು ಕರಕಲಾಗಿದ್ದರೆ, ಧ್ವನಿ ಒಡೆದ ಹಾಗೆ ಕೇಳಿಸುತ್ತಿದ್ದರೆ ಗಂಟಲು ಒಳಗೇ ಊದುತ್ತಾ ಬರುತ್ತಿದೆ ಅಂತ ಅರ್ಥ. ಆಮೇಲೆ ಉಸಿರಿಗೆ ಟ್ಯೂಬ್ ಹಾಕುತ್ತಾರೆ. ಟ್ಯೂಬ್ ಹಾಕಿದ ಮೇಲೆ ಮಾತಿಲ್ಲ. ಅಂದರೆ "ಸ್ಟೌ ಸಿಡಿಯಿತು" ಅನ್ನೋದನ್ನು ಸುಟ್ಟುಕೊಂಡ ಸೊಸೆ ಹೇಳಿದಳಾ, ಪಕ್ಕದಲ್ಲಿ ನಿಂತ ಅತ್ತೆ ಹೇಳಿದರಾ ಅನ್ನುವ ಪ್ರಶ್ನೆಗೆ ಉತ್ತರ ಸಿಗುವ ಸಮಯ ಬಹಳ ಚಿಕ್ಕದು. ಅದು ಗೊತ್ತಿರುವ ಪಿಎಸ್‌ಐ ಡಾಕ್ಟರ್ ಹತ್ತಿರ ಪ್ರಜ್ಞೆ ಸರಿ ಇದೆ ಅಂತ ಬರೆಸಿಕೊಂಡು ಮ್ಯಾಜಿಸ್ಟ್ರೇಟರಿಗೆ ತಕ್ಷಣ ಫೋನ್ ಮಾಡುತ್ತಾನೆ. ಗೊತ್ತಿಲ್ಲದವನು ಊಟ ಮುಗಿಸಿ ಬರುತ್ತಾನೆ. ಇಷ್ಟೊಂದನ್ನು ಇನ್ಯಾವ ಕೋರ್ಸ್ ಕಲಿಸುತ್ತಿತ್ತು ನನಗೆ?

ರಸ್ತೆ ಅಪಘಾತದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಾವೆಲ್ಲ ನೋಡಿರುವುದೇ. ಬಿದ್ದವನನ್ನು ಕೂರಿಸುವುದು, ಬಾಯಿಗೆ ನೀರು ಸುರಿಯುವುದು, ಸೊಂಟ ಮಡಚಿ ಟಂಟಂ ಆಟೊದಲ್ಲಿ ತುರುಕುವುದು. ಕುತ್ತಿಗೆಗೆ ಕಾಲರ್ ಹಾಕಿ, ಸ್ಪೈನ್ ಬೋರ್ಡ್ ಮೇಲೆ ದಿಮ್ಮಿ ಉರುಳಿಸಿದ ಹಾಗೆ ಒಂದೇ ಸಲಕ್ಕೆ ಹೊರಳಿಸುವುದನ್ನು ಕಲಿತ ಮೇಲೆ ಹಿಂದೆ ನೋಡಿದ್ದೆಲ್ಲ ನೆನಪಾಗಿ ಮೈ ಜುಮ್ ಅನ್ನುತ್ತದೆ. 2016ರಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ, ಆ ಸ್ಥಿತಿಯಲ್ಲೂ ಅಂಗಾಂಗ ದಾನ ಮಾಡಿ ಅಂದ ಹರೀಶ್ ಅವರ ಹೆಸರಿನಲ್ಲೇ ಸರ್ಕಾರ ಸಾಂತ್ವನ ಯೋಜನೆ ತಂದಿತು, ಮೊದಲ 48 ಗಂಟೆ 25,000 ರೂಪಾಯಿವರೆಗೆ ಚಿಕಿತ್ಸೆ ಅಂತ. ಅದೇ ವರ್ಷ ಮಾರ್ಚ್ 30ಕ್ಕೆ ಸುಪ್ರೀಂ ಕೋರ್ಟ್, ಗಾಯಾಳುವನ್ನು ತಂದವರನ್ನು ಪೀಡಿಸಬೇಡಿ ಅಂತ ಹೇಳಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ ನೆರವಿಗೆ ಬಂದವರನ್ನು ಕಾಪಾಡುವ 134ಎ ಕಲಂ ಬಂತು. ಆದರೂ ಜನ ಹತ್ತಿರ ಹೋಗೋಕೆ ಹೆದರುವುದು ಯಾರಿಗೆ? ಪೊಲೀಸರಿಗೇ ಅಲ್ವಾ, ಮುಂದೆ ನಾವು ಆಗಬೇಕು ಅಂತಿರುವುದೂ ಅದೇ.

ಒಂದು ವಿಷಯ ಹೇಳಲೇಬೇಕು, ರೂಮಿನವರಿಗೆ ಹಿಡಿಸಲ್ಲ ಅಂತ ಗೊತ್ತು. ಹಿಡಿದವನನ್ನು ಬಗ್ಗಿಸಿ ಕೈ ಹಿಂದಕ್ಕೆ ಕಟ್ಟಿ ಬೆನ್ನ ಮೇಲೆ ಮಂಡಿ ಇಡುವುದನ್ನು ನಾವು ಗತ್ತು ಅಂದುಕೊಂಡಿದ್ದೇವೆ. ಬೋರಲು ಬಿದ್ದವನ ಬೆನ್ನ ಮೇಲೆ ಭಾರ ಬಿದ್ದರೆ ಎದೆ ಅಗಲ ಆಗುವುದಿಲ್ಲ. ಚಿನ್ನಸ್ವಾಮಿ ಹೊರಗೆ ಆದದ್ದೇ ಇಲ್ಲೂ ಆಗುತ್ತದೆ. "ಉಸಿರಾಡೋಕೆ ಆಗ್ತಿಲ್ಲ ಅಂತ ಮಾತಾಡ್ತಿದ್ದಾನಲ್ಲ, ಅಂದ್ಮೇಲೆ ಉಸಿರಾಡ್ತಿದ್ದಾನೆ" ಅನ್ನುವುದು ಶುದ್ಧ ಸುಳ್ಳು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆ ಮೇಲೆ ಒಂಬತ್ತು ನಿಮಿಷಕ್ಕೂ ಜಾಸ್ತಿ ಒಬ್ಬ ಪೊಲೀಸನ ಮಂಡಿ ಇತ್ತು, ಆತ ಸತ್ತ. ಡ್ಯೂಟಿ ಇಲ್ಲದ ದಿನ ಆ ದಾರಿಯಲ್ಲಿ ಬಂದಿದ್ದ ಅಗ್ನಿಶಾಮಕ ದಳದ ಒಬ್ಬ ಮಹಿಳೆ, ಇಎಂಟಿ ತರಬೇತಿ ಇದ್ದವರು, ಪಲ್ಸ್ ನೋಡಿ ಅಂತ ಮತ್ತೆ ಮತ್ತೆ ಕೂಗಿದರು. ಅವರನ್ನು ಹತ್ತಿರ ಬಿಡಲಿಲ್ಲ. ಆ ವಿಡಿಯೊ ಮೊದಲು ನೋಡಿದಾಗ ನಾನು ಮಂಡಿ ಇಟ್ಟವನನ್ನೇ ನೋಡಿದ್ದೆ. ಈಗ ನನಗೆ ಪಕ್ಕದಲ್ಲಿ ನಿಂತಿದ್ದ ಉಳಿದ ಪೊಲೀಸರೇ ಕಾಣುತ್ತಾರೆ. ಅವರಲ್ಲಿ ಒಬ್ಬ ಗಟ್ಟಿಯಾಗಿ "ಮಗ್ಗುಲಿಗೆ ಹೊರಳಿಸಿ" ಅಂದು ಹೊರಳಿಸಿಬಿಟ್ಟಿದ್ದರೆ ಸಾಕಿತ್ತು. ನಮ್ಮಲ್ಲೂ ಬಂಧಿತರಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಅಂತ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ಕೇಸ್ ತೀರ್ಪು ಹೇಳುತ್ತದೆ, ಅದನ್ನೂ ನೀನು ಬಾಯಿಪಾಠ ಮಾಡಿದ್ದೀಯ. 48 ಗಂಟೆಯ ನಡುವಿನ ಹೊತ್ತಿಗೆ ಯಾರು?

ಈಗ ಕಷ್ಟದ ಮಾತು. ನೈಟ್ ಪೋಸ್ಟಿಂಗ್ ಮುಗಿಸಿ ಬಂದ ದಿನ ಓದು ಆಗುವುದಿಲ್ಲ, ಸುಮ್ನೆ ಪುಸ್ತಕ ಬಿಚ್ಚಿ ಕೂರುವುದು ಅಷ್ಟೇ. ಓಟ ತಪ್ಪಿಹೋಗುತ್ತದೆ. ವಿಷ ಕುಡಿದವರ ವಾಂತಿಯ ವಾಸನೆ ಮೂಗಿನಲ್ಲಿ ಉಳಿದು ಊಟ ಸೇರುವುದಿಲ್ಲ. ಮುಂದೆ ಆಂಬುಲೆನ್ಸ್ ಕೆಲಸ ಸಿಕ್ಕರೂ ಸಂಬಳ ಹೇಳಿಕೊಳ್ಳುವಂಥದ್ದಲ್ಲ. 108ರಲ್ಲಿ ಡ್ರೈವರನ್ನು ಪೈಲಟ್ ಅಂತಾರೆ, ಆ ಹೆಸರಿಗೆ ತಕ್ಕ ಸಂಬಳ ಇಲ್ಲ ಅಂತ ಒಬ್ಬರು ಪೈಲಟ್ಟೇ ನಗುತ್ತಾ ಹೇಳಿದರು. ಆದರೆ ಸಾವು, ರಕ್ತ, ಮನೆಯವರ ಗೋಳು ಇದನ್ನೆಲ್ಲ ನೋಡಿ ನಾನು ತಡೆಯುತ್ತೇನಾ ಅನ್ನೋದು ಸ್ಟಾರ್ ಹಾಕಿಕೊಳ್ಳುವ ಮೊದಲೇ ಗೊತ್ತಾಗುತ್ತಿದೆ. ಮಹಜರಿಗೆ ಹೋದಾಗ ಗೊತ್ತಾಗುವುದಕ್ಕಿಂತ ಇದು ವಾಸಿ.

ನೀನೂ ಸೇರು ಅಂತ ನಾನು ಹೇಳುವುದಿಲ್ಲ. ನಿನ್ನ ಓದು ಒಳ್ಳೆ ಹದದಲ್ಲಿದೆ, ಈ ಸಲ ಬಿಡಬೇಡ. ನಿನಗೆ ಸೇಂಟ್ ಜಾನ್ ಆಂಬುಲೆನ್ಸ್ ಅಥವಾ ರೆಡ್ ಕ್ರಾಸ್‌ನವರ ಪ್ರಥಮ ಚಿಕಿತ್ಸೆ ತರಬೇತಿ ಸಾಕು, ಕೆಲವೇ ದಿನದ್ದು. ಸಿಪಿಆರ್, ರಕ್ತ ನಿಲ್ಲಿಸುವುದು, ಮಗ್ಗುಲಿಗೆ ಮಲಗಿಸುವುದು, ಇಷ್ಟು ಕೈಗೆ ಬಂದರೆ ಅರ್ಧ ಕೆಲಸ ಆಯಿತು. ಇಎಂಟಿಗೇ ಸೇರಬೇಕು ಅಂತ ಕೇಳಿದವರಿಗೆ ನನ್ನ ಮಾತು ಇಷ್ಟೇ: ಬೋರ್ಡು ನೋಡಿ ದುಡ್ಡು ಕಟ್ಟಬೇಡಿ. ನಿಜವಾದ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಇದೆಯಾ, ಸರ್ಟಿಫಿಕೇಟ್ ಕೊಡುವುದು ಯಾರು, ಅದಕ್ಕೆ ಮಾನ್ಯತೆ ಇದೆಯಾ ಅಂತ ಮೊದಲು ಕೇಳಿ. ಬರೀ ವಿಡಿಯೊ ತೋರಿಸಿ ಪಾಸು ಮಾಡುವವರೂ ಇದ್ದಾರೆ. ಪಿಯುಸಿ ಸೈನ್ಸ್ ಇಲ್ಲದಿದ್ದರೆ ಕೆಲವು ಕಡೆ ತೆಗೆದುಕೊಳ್ಳುವುದೇ ಇಲ್ಲ, ಅದನ್ನೂ ವಿಚಾರಿಸಿ.

ನೋಟಿಫಿಕೇಶನ್ ಬಂದರೆ ಏನು ಮಾಡ್ತೀಯ ಅಂದೆ. ಅರ್ಜಿ ಹಾಕ್ತೀನಿ, ಮತ್ತೇನು! ಕೋರ್ಸ್ ಮುಗಿಯುವ ಮೊದಲೇ ಬಂದರೂ ಹಾಕ್ತೀನಿ. ಆಗ ನಿನ್ನ ಪ್ರಬಂಧದ ನೋಟ್ಸ್ ಬೇಕಾಗುತ್ತದೆ, ಈಗಲೇ ಜೆರಾಕ್ಸ್ ಮಾಡಿ ಕಳಿಸು, ದುಡ್ಡು ಫೋನ್‌ಪೇ ಮಾಡ್ತೀನಿ. ಅನುವಾದದ ಹಳೇ ಪೇಪರ್ ಇದ್ದರೆ ಅದೂ ಇರಲಿ, ಆ 50 ಅಂಕದಲ್ಲಿ ನನಗೆ ಅದೇ ವೀಕು.

ನಿನ್ನ ದೋಸ್ತ